ಬಲಬದಿಯ ಕಾವಲು

ಇವತ್ತು ನಾನು ಹೇಳಹೊರಟಿರುವುದು ಒಬ್ಬ ಫುಟ್‌ಬಾಲ್ ಆಟಗಾರರ ವಿಷಯ. ಹೆಸರು ವಿಲ್ಲಿ ಲಾಂಡ್‌ಗ್ರಾಫ್. ಜರ್ಮನಿಯವರು. ಈ ಹೆಸರು ನಿಮ್ಮ ಕಿವಿಗೆ ಹೊಸದಾಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ವಿಶ್ವಕಪ್ ಆಡಿದವರಲ್ಲ. ಆ ದೇಶದ ಅತಿ ದೊಡ್ಡ ಲೀಗ್ ಬುಂಡೆಸ್‌ಲೀಗಾ. ಅದರಲ್ಲಿ ಅವರು ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಅದರ ಕೆಳಗಿನ ಮೆಟ್ಟಿಲಿಗೆ ಎರಡನೇ ಬುಂಡೆಸ್‌ಲೀಗಾ ಎನ್ನುತ್ತಾರೆ. ಅಲ್ಲಿ ಅವರು 500ಕ್ಕೂ ಹೆಚ್ಚು ಪಂದ್ಯ ಆಡಿದರು. ಲೆಕ್ಕ ಕರಾರುವಾಕ್ಕಾಗಿ ಬೇಕೆಂದರೆ 508. ಆ ಮೆಟ್ಟಿಲಿನಲ್ಲಿ ಅಷ್ಟು ಪಂದ್ಯ ಆಡಿದವರು ಇನ್ನೊಬ್ಬರಿಲ್ಲ.

500 ಪಂದ್ಯ ಎಂದರೆ ಎಷ್ಟು? ಈಗಿನ ಲೆಕ್ಕದಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 34 ಲೀಗ್ ಪಂದ್ಯ. ಒಂದನ್ನೂ ತಪ್ಪಿಸದೆ, ಗಾಯವಾಗದೆ, ಜ್ವರ ಬಾರದೆ ಆಡಿದರೂ 15 ವರ್ಷ ಬೇಕು. ಒಂದೊಂದು ಪಂದ್ಯ 90 ನಿಮಿಷ. ಎಲ್ಲವನ್ನೂ ಒಂದರ ಹಿಂದೊಂದು ಪೋಣಿಸಿದರೆ, ಹಗಲು ರಾತ್ರಿ ಬಿಡದೆ ಒಂದು ತಿಂಗಳು ಮೈದಾನದಲ್ಲಿ ಓಡಿದ ಹಾಗೆ.

ಈ ಮನುಷ್ಯ ಆಡುತ್ತಿದ್ದ ಜಾಗ ಯಾವುದು? ಬಲಬದಿಯ ಹಿಂಭಾಗ. ರೈಟ್ ಬ್ಯಾಕ್ ಎನ್ನುತ್ತಾರೆ. ಗೋಲು ಹೊಡೆಯುವವರಲ್ಲ, ಗೋಲು ಆಗದಂತೆ ತಡೆಯುವವರು. ತಡೆಯುವವನ ಕೆಲಸಕ್ಕೆ ಒಂದು ವಿಚಿತ್ರ ಗುಣವಿದೆ. ಅದು ಚೆನ್ನಾಗಿ ನಡೆದಾಗ ಏನೂ ನಡೆದಂತೆ ಕಾಣುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಕಾಣದ ಕೆಲಸದ ಸುತ್ತಲೇ.

ನನಗೆ ಇದರ ಮೇಲೆ ಮಮತೆ ಹುಟ್ಟಿದ್ದು ಶಾಲೆಯ ದಿನಗಳಲ್ಲಿ. ನಮ್ಮ ಶಾಲೆಯ ತಂಡದಲ್ಲಿ ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದರು. ಒಂದು ಸಾಯಂಕಾಲ ಅಪ್ಪ ಪಂದ್ಯ ನೋಡಲು ಬಂದರು. ಸೈಕಲ್ಲನ್ನು ಬೇಲಿಗೆ ಒರಗಿಸಿ ಕೊನೆಯವರೆಗೂ ನಿಂತಿದ್ದರು. ಯಾರೂ ಗೋಲು ಹೊಡೆಯಲಿಲ್ಲ. ಮನೆಗೆ ಹೋಗುವಾಗ ಹಿಂದೆ ಕೂರಿಸಿಕೊಂಡು ಕೇಳಿದರು: "ಯಾಕೋ, ಇವತ್ತು ನಿನ್ನ ಆಡಿಸಲೇ ಇಲ್ವಾ?" ನಾನು ಪೂರ್ತಿ ಹೊತ್ತು ಆಡಿದ್ದೆ. ನನ್ನ ಪಾಲಿಗೆ ಬಂದ ಹುಡುಗ ಒಮ್ಮೆಯೂ ನನ್ನನ್ನು ದಾಟಿರಲಿಲ್ಲ. ಲಾಂಡ್‌ಗ್ರಾಫ್ ಅವರ ಲೆಕ್ಕವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಪ್ಪನ ಆ ಪ್ರಶ್ನೆ.

ಇರಲಿ. ಈಗ ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೈದಾನ ನಿಮ್ಮ ಕಣ್ಣ ಮುಂದಿಲ್ಲ. ಹಾಗಾಗಿ ನಾನು ಹೇಳುತ್ತಾ ಹೋಗುತ್ತೇನೆ, ನೀವು ಮನಸ್ಸಿನಲ್ಲೇ ಕಟ್ಟಿಕೊಳ್ಳಿ.

ಮೈದಾನದ ಉದ್ದಕ್ಕೂ ಅಂಚಿನಲ್ಲಿ ಒಂದು ಬಿಳಿ ಗೆರೆ. ಆ ಗೆರೆಗುಂಟ ಎದುರಾಳಿ ಚೆಂಡು ತಳ್ಳಿಕೊಂಡು ಓಡಿ ಬರುತ್ತಿದ್ದಾನೆ. ಅವನು ವಿಂಗರ್. ತಂಡದಲ್ಲೇ ಚುರುಕು ಕಾಲಿನವನು. ಅವನ ಮುಂದೆ ನಿಮ್ಮ ಡಿಫೆಂಡರ್ ಒಬ್ಬನೇ. ನಿಮ್ಮಲ್ಲಿ ಕಬಡ್ಡಿ ಆಡಿದವರಿದ್ದರೆ ಮೂಲೆಯಲ್ಲಿ ನಿಲ್ಲುವವನನ್ನು ನೆನೆಸಿಕೊಳ್ಳಿ. ರೈಡರ್ ಬಂದೊಡನೆ ಅವನು ಮೇಲೆ ಬೀಳುವುದಿಲ್ಲ. ಕಾಯುತ್ತಾನೆ. ಇಲ್ಲಿಯೂ ಅದೇ. ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಮೈ ನೇರ ಎದುರಿಗಲ್ಲ, ಒಂದು ಮಗ್ಗುಲಿಗೆ ತಿರುಗಿರಬೇಕು. ಕಣ್ಣು ಚೆಂಡಿನ ಮೇಲೆ. ಎದುರಾಳಿ ಹೆಗಲು ಅಲ್ಲಾಡಿಸುತ್ತಾನೆ, ಸೊಂಟ ಬಳುಕಿಸುತ್ತಾನೆ, ಹುಸಿ ಹೆಜ್ಜೆ ಹಾಕುತ್ತಾನೆ. ಅದೆಲ್ಲ ಮೋಸ. ಚೆಂಡು ಮಾತ್ರ ಮೋಸ ಮಾಡುವುದಿಲ್ಲ. ಡಿಫೆಂಡರ್ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಅವನನ್ನು ಬಿಳಿ ಗೆರೆಯ ಕಡೆಗೆ ಒತ್ತರಿಸುತ್ತಾನೆ. ಗೆರೆಯ ಆಚೆ ಆಟವಿಲ್ಲ. ಹೀಗೆ ಎರಡು ಕ್ಷಣ ಕಳೆದರೆ ಸಾಕು, ಉಳಿದವರು ಓಡಿ ಬಂದು ಜಾಗ ಹಿಡಿದಿರುತ್ತಾರೆ. ವಿಂಗರ್ ಬೇರೆ ದಾರಿ ಕಾಣದೆ ಚೆಂಡನ್ನು ಹಿಂದಕ್ಕೆ ಒದೆಯುತ್ತಾನೆ.

ಅಷ್ಟೇ. ಜನ ಚಪ್ಪಾಳೆ ತಟ್ಟುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಒಂದು ಪಂದ್ಯದಲ್ಲಿ ಇಂಥದ್ದು ಎಷ್ಟೋ ಸಲ ನಡೆಯುತ್ತದೆ. ಎಲ್ಲ ಸಲ ಗೆದ್ದು ಒಮ್ಮೆ ಮಾತ್ರ ಕಾಲು ಜಾರಿದರೆ, ಎಲ್ಲರಿಗೂ ನೆನಪಿರುವುದು ಆ ಒಂದೇ.

ಲಾಂಡ್‌ಗ್ರಾಫ್ ಎತ್ತರದ ಆಳಲ್ಲ. ಐದೂವರೆ ಅಡಿಯ ಆಸುಪಾಸು. ಡಿಫೆಂಡರ್‌ಗೆ ಇದು ಚಿಕ್ಕ ಕೊರತೆಯಲ್ಲ. ಎತ್ತರದ ಚೆಂಡು ಬಂದಾಗ ಆರು ಅಡಿಯವನ ಪಕ್ಕದಲ್ಲಿ ನಿಂತು ತಲೆ ಕೊಡಬೇಕು. ಎತ್ತರವಿಲ್ಲದವನು ಜಾಗದಿಂದ ಅದನ್ನು ತುಂಬಿಕೊಳ್ಳಬೇಕು. ಚೆಂಡು ಬೀಳುವ ಕಡೆಗೆ ಎಲ್ಲರಿಗಿಂತ ಮೊದಲು ತಲುಪಬೇಕು. ಅದು ಯೋಚನೆಯಿಂದ ಬರುವುದು, ಅನುಭವದಿಂದ ಬರುವುದು.

ಇಲ್ಲಿಯವರೆಗೆ ಆ ಕೆಲಸ ಎಂಥದ್ದು ಎಂದು ಹೇಳಿದೆ. ಇನ್ನು ಆ ಮನುಷ್ಯ ನಡೆದ ದಾರಿಗೆ ಬರೋಣ.

ಮ್ಯೂಲ್‌ಹೈಮ್ ಎಂಬ ಊರಿನಲ್ಲಿ 1968ರಲ್ಲಿ ಅವರು ಹುಟ್ಟಿದರು. ರೂರ್ ನದಿಯ ದಂಡೆಯ ಊರು. ಆ ಸೀಮೆಯೇ ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆ. ಊರಿಗೆ ಊರು ಅಂಟಿಕೊಂಡಿವೆ. ಒಂದು ಊರು ಮುಗಿದು ಇನ್ನೊಂದು ಶುರುವಾದದ್ದು ಗೊತ್ತಾಗುವುದಿಲ್ಲ. ಪಕ್ಕದಲ್ಲೇ ಎಸ್ಸೆನ್. ಕ್ರುಪ್ ಉಕ್ಕಿನ ಮನೆತನದ ಊರು. ಅಲ್ಲಿನ ತಂಡ ರೋಟ್-ವೈಸ್ ಎಸ್ಸೆನ್. ಹಾಗೆಂದರೆ ಕೆಂಪು-ಬಿಳುಪು. 1955ರಲ್ಲಿ ಇಡೀ ಜರ್ಮನಿಗೆ ಚಾಂಪಿಯನ್ ಆಗಿದ್ದ ತಂಡ ಅದು. 80ರ ದಶಕದ ಹೊತ್ತಿಗೆ ಆ ವೈಭವ ಇಳಿದಿತ್ತು. ಎಸ್ಸೆನ್ನಿನ ಹೆಸರಾಂತ ಗಣಿ ತ್ಸೋಲ್‌ವೆರೈನ್ 1986ರ ಕೊನೆಯಲ್ಲಿ ಬಾಗಿಲು ಹಾಕಿತು. ಸುಮಾರು ಅದೇ ದಿನಗಳಲ್ಲಿ ಹದಿಹರೆಯದ ಲಾಂಡ್‌ಗ್ರಾಫ್ ಕೆಂಪು-ಬಿಳುಪಿನ ದೊಡ್ಡವರ ತಂಡಕ್ಕೆ ಬಂದರು.

ಇಲ್ಲಿ ಜರ್ಮನಿಯ ಏಣಿಯ ವಿಷಯ ಎರಡು ಮಾತು ಹೇಳಬೇಕು. ಮೇಲಿನ ಮೆಟ್ಟಿಲು ಬುಂಡೆಸ್‌ಲೀಗಾ. ಅದರ ಕೆಳಗೆ ಎರಡನೆಯದು. ಅದು ಶುರುವಾದದ್ದು 1974ರಲ್ಲಿ. ವರ್ಷದ ಕೊನೆಗೆ ಮುಂದಿರುವ ಎರಡು ಮೂರು ತಂಡಗಳಿಗೆ ಬಡ್ತಿ. ಹಿಂದುಳಿದವಕ್ಕೆ ಹಿಂಬಡ್ತಿ. ಆದರೆ ಮೈದಾನದಲ್ಲಿ ಗೆದ್ದರೆ ಮಾತ್ರ ಸಾಲದು. ಪ್ರತಿ ವರ್ಷ ತಂಡಗಳು ತಮ್ಮ ಜಮಾ ಖರ್ಚನ್ನು ಫುಟ್‌ಬಾಲ್ ಸಂಸ್ಥೆಯ ಮುಂದಿಡಬೇಕು. ಹಣದ ಲೆಕ್ಕ ಸರಿಯಿಲ್ಲದಿದ್ದರೆ ಲೈಸೆನ್ಸ್ ಸಿಗದು. ಲೈಸೆನ್ಸ್ ಇಲ್ಲದ ತಂಡ ಎಷ್ಟು ಚೆನ್ನಾಗಿ ಆಡಿದ್ದರೂ ಕೆಳಕ್ಕೆ ಹೋಗಬೇಕು.

ಎಸ್ಸೆನ್ನಿಗೆ ಆದದ್ದು ಇದೇ. 1991ರಲ್ಲಿ ಲೈಸೆನ್ಸ್ ಹೋಯಿತು. ತಂಡ ಮೂರನೆಯ ಮೆಟ್ಟಿಲಿಗೆ ಬಿತ್ತು. ಎರಡು ವರ್ಷ ಹೋರಾಡಿ 1993ರಲ್ಲಿ ಮತ್ತೆ ಮೇಲೆ ಬಂತು. ಬಂದ ಮರುವರ್ಷವೇ ಮತ್ತೆ ಲೈಸೆನ್ಸ್ ಹೋಯಿತು. ಆ ವರ್ಷವನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಒಂದು ಕಡೆ ಲೀಗಿನಿಂದ ಹೊರಕ್ಕೆ ತಳ್ಳಿದ್ದಾರೆ. ಇನ್ನೊಂದು ಕಡೆ ಅದೇ ತಂಡ, ಲೀಗಿಗಿಂತ ಬೇರೆಯಾದ ಜರ್ಮನ್ ಕಪ್ ಪಂದ್ಯಾವಳಿಯ ಫೈನಲ್ ತಲುಪಿದೆ. 1994ರ ಮೇ ತಿಂಗಳಲ್ಲಿ ಬರ್ಲಿನ್ನಿನ ದೊಡ್ಡ ಕ್ರೀಡಾಂಗಣದಲ್ಲಿ ಆಡಿ ವೆರ್ಡರ್ ಬ್ರೇಮೆನ್ ತಂಡಕ್ಕೆ 3-1ರಿಂದ ಸೋತಿತು. ಕೆಲವು ವಾರಗಳಲ್ಲಿ ಮತ್ತೆ ಮೂರನೆಯ ಮೆಟ್ಟಿಲು. ಆಟಗಾರರ ಕಾಲಿನಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಬೆಲೆ ತೆತ್ತವರು ಮಾತ್ರ ಆಟಗಾರರು.

ಲಾಂಡ್‌ಗ್ರಾಫ್ ಗಂಟುಮೂಟೆ ಕಟ್ಟಿದರು. ಮೊದಲು ಹೊಂಬುರ್ಗ್. ಫ್ರಾನ್ಸಿನ ಗಡಿಯ ಹತ್ತಿರದ ಸಾರ್‌ಲ್ಯಾಂಡ್ ಸೀಮೆಯ ಸಣ್ಣ ಊರು. ಆ ತಂಡ 1995ರಲ್ಲಿ ಎರಡನೆಯ ಮೆಟ್ಟಿಲಿನಿಂದ ಕೆಳಕ್ಕೆ ಬಿತ್ತು. ಅಲ್ಲಿಂದ 1996ರಲ್ಲಿ ಗ್ಯೂಟರ್ಸ್‌ಲೋ. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮೀಲೆ ಕಂಪನಿಯ ಊರು. ಆ ತಂಡ ಅದೇ ವರ್ಷ ಹೊಸದಾಗಿ ಮೇಲೆ ಬಂದಿತ್ತು. ಮೂರು ವರ್ಷ ನಿಂತು 1999ರಲ್ಲಿ ಅದೂ ಬಿತ್ತು.

ಒಂದು ಸಲ ಹಿಂದಿರುಗಿ ನೋಡಿ. ಎಸ್ಸೆನ್ ಬಿತ್ತು. ಹೊಂಬುರ್ಗ್ ಬಿತ್ತು. ಗ್ಯೂಟರ್ಸ್‌ಲೋ ಬಿತ್ತು. ಲಾಂಡ್‌ಗ್ರಾಫ್ ಅವರಿಗೆ ಆಗಲೇ 30 ದಾಟಿತ್ತು. ಫುಟ್‌ಬಾಲಿನಲ್ಲಿ ಅದು ಸಂಜೆಯ ಹೊತ್ತು. ಜೊತೆಗೆ ಕಾಲವೂ ಬದಲಾಗಿತ್ತು. 1995ರ ಕೊನೆಯಲ್ಲಿ ಯುರೋಪಿನ ನ್ಯಾಯಾಲಯ ಬಾಸ್ಮನ್ ಎಂಬ ಆಟಗಾರರ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತ್ತು. ಒಪ್ಪಂದ ಮುಗಿದ ಆಟಗಾರ ಯಾರಿಗೂ ಹಣ ಕಟ್ಟದೆ ಬೇರೆ ತಂಡ ಸೇರಬಹುದು. ಯುರೋಪ್ ಒಕ್ಕೂಟದ ಒಳಗಿನ ಆಟಗಾರರಿಗೆ ಇಷ್ಟೇ ಜನ ಎಂಬ ಮಿತಿ ಹೇರುವಂತಿಲ್ಲ. ಆಟಗಾರರಿಗೆ ಇದರಿಂದ ಸ್ವಾತಂತ್ರ್ಯ ಬಂತು. ಪೈಪೋಟಿಯೂ ಬಂತು. ಜಾಗ ಒಂದೇ, ಬಾಗಿಲಲ್ಲಿ ನಿಂತವರು ಹಲವರು.

ಆಟವೂ ಬದಲಾಗುತ್ತಿತ್ತು. ಅವರು ಆಡಲು ಶುರುಮಾಡಿದಾಗ ಡಿಫೆಂಡರ್ ಚೆಂಡನ್ನು ಹಿಂದಕ್ಕೆ ತಮ್ಮ ಗೋಲ್‌ಕೀಪರ್‌ಗೆ ಒದ್ದರೆ, ಕೀಪರ್ ಅದನ್ನು ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಕಷ್ಟದಲ್ಲಿ ಸಿಕ್ಕಿಬಿದ್ದವನಿಗೆ ಅದೊಂದು ಆಸರೆ. 1992ರಲ್ಲಿ ನಿಯಮ ಬದಲಾಯಿತು, ಆ ಆಸರೆ ಹೋಯಿತು. ಆಗಿನ ಜರ್ಮನಿಯಲ್ಲಿ ಒಬ್ಬನಿಗೆ ಒಬ್ಬ ಎಂಬ ಲೆಕ್ಕದಲ್ಲಿ ಎದುರಾಳಿಯ ಬೆನ್ನು ಹತ್ತುತ್ತಿದ್ದರು. ಎಲ್ಲರ ಹಿಂದೆ ಲಿಬೆರೋ ಎಂಬ ಒಬ್ಬ ಬಿಡಿ ಕಾವಲುಗಾರ. ಬರಬರುತ್ತಾ ಅದು ಹೋಯಿತು. ನಾಲ್ವರು ಒಂದೇ ಸಾಲಿನಲ್ಲಿ ನಿಂತು, ಆಳನ್ನಲ್ಲ, ಜಾಗವನ್ನು ಕಾಯುವ ಪದ್ಧತಿ ಬಂತು. ನಾಲ್ವರೂ ಒಂದೇ ಹಗ್ಗ ಹಿಡಿದವರ ಹಾಗೆ ಸರಿಯಬೇಕು. ಆ ಪದ್ಧತಿಯನ್ನು ಎರಡನೇ ಬುಂಡೆಸ್‌ಲೀಗಾದಲ್ಲಿ ಹಟ ಹಿಡಿದು ನೆಲೆಗೊಳಿಸಿದವರಲ್ಲಿ ಮೈಂಟ್ಸ್ ತಂಡದ ಕೋಚ್ ವೋಲ್ಫ್‌ಗಾಂಗ್ ಫ್ರಾಂಕ್ ಮುಖ್ಯರು. ಅವರ ಕೈಕೆಳಗೆ ಆಡಿದ ಒಬ್ಬರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು, ಯೂರ್ಗನ್ ಕ್ಲಾಪ್. ಮುಂದೆ ಲಿವರ್‌ಪೂಲ್ ತಂಡಕ್ಕೆ ಕೋಚ್ ಆಗಿ ಲೋಕಪ್ರಸಿದ್ಧರಾದವರು. ಅವರೂ 300ಕ್ಕೂ ಹೆಚ್ಚು ಪಂದ್ಯ ಎರಡನೇ ಬುಂಡೆಸ್‌ಲೀಗಾದಲ್ಲೇ ಆಡಿದರು. ಮೊದಲು ಮುಂದೆ, ಆಮೇಲೆ ಡಿಫೆಂಡರ್ ಆಗಿ ಹಿಂದೆ. ಆಟಗಾರರಾಗಿ ಅವರಿಗೂ ಮೇಲಿನ ಮೆಟ್ಟಿಲು ಸಿಗಲಿಲ್ಲ.

ಮತ್ತೆ ಲಾಂಡ್‌ಗ್ರಾಫ್ ಅವರ ದಾರಿಗೆ ಬರೋಣ. ಮೂರು ತಂಡ ಮುಗಿದವು. 1999ರ ಬೇಸಿಗೆ. ನಾಲ್ಕನೆಯದು ಆಖೆನ್.

ಆಖೆನ್ ಜರ್ಮನಿಯ ಪಶ್ಚಿಮದ ತುದಿ. ನಡೆದು ಹೋದರೆ ಬೆಲ್ಜಿಯಂ, ನಡೆದು ಹೋದರೆ ಹಾಲೆಂಡ್. ಸಾವಿರದ ಇನ್ನೂರು ವರ್ಷದ ಹಿಂದಿನ ಚಕ್ರವರ್ತಿ ಶಾರ್ಲಮೇನ್ ಅವರ ಸಮಾಧಿ ಇರುವ ಚರ್ಚ್, ಬಿಸಿನೀರಿನ ಬುಗ್ಗೆಗಳು, ದೊಡ್ಡದೊಂದು ತಾಂತ್ರಿಕ ವಿಶ್ವವಿದ್ಯಾಲಯ. ತಂಡದ ಹೆಸರು ಅಲೆಮಾನಿಯಾ. ಹಳದಿ-ಕಪ್ಪು ಅಂಗಿ. ಆಲೂಗಡ್ಡೆ ಗಿಡ ತಿನ್ನುವ ಪಟ್ಟೆ ಪಟ್ಟೆಯ ಹುಳುವಿನ ಹೆಸರಿಟ್ಟು ಅಭಿಮಾನಿಗಳು ಆ ತಂಡವನ್ನು ಮುದ್ದಿನಿಂದ ಕರೆಯುತ್ತಾರೆ.

ಲಾಂಡ್‌ಗ್ರಾಫ್ ಬಂದಾಗ ಆ ಊರು ಸಂತೋಷ ದುಃಖ ಎರಡನ್ನೂ ಒಟ್ಟಿಗೆ ಹೊತ್ತು ನಿಂತಿತ್ತು. ತಂಡ ಆಗಷ್ಟೇ ಎರಡನೇ ಬುಂಡೆಸ್‌ಲೀಗಾಕ್ಕೆ ಹತ್ತಿತ್ತು. ಹತ್ತಿಸಿದ ಕೋಚ್ ವೆರ್ನರ್ ಫುಕ್ಸ್ ಅವರು ಬಡ್ತಿ ಇನ್ನೇನು ಕೈಗೆ ಸಿಗಬೇಕು ಎನ್ನುವಾಗ, ಅದೇ ಮೇ ತಿಂಗಳಲ್ಲಿ, ತೀರಿಕೊಂಡಿದ್ದರು.

ಅಲ್ಲಿನ ಕ್ರೀಡಾಂಗಣ ಟಿವೋಲಿ. 1928ರ ಕಾಲದ್ದು. ಹಿಡಿಸುತ್ತಿದ್ದದ್ದು 20 ಸಾವಿರ ಜನಕ್ಕಿಂತ ಸ್ವಲ್ಪ ಹೆಚ್ಚು. ಬಹುಪಾಲು ಜನ ನಿಂತೇ ನೋಡುವವರು. ಗೋಲಿನ ಹಿಂದಿನ ನಿಲ್ಲುವ ಕಟ್ಟೆಗೆ ಪಕ್ಕದೂರು ವ್ಯೂರ್ಸೆಲೆನ್ ಹೆಸರು. ಮೈದಾನಕ್ಕೂ ಜನಕ್ಕೂ ನಡುವೆ ಹೆಚ್ಚು ಅಂತರವಿರಲಿಲ್ಲ. ಅಂಚಿನಲ್ಲಿ ಆಡುವವನಿಗೆ ಜನರ ಕೂಗು ಬೆನ್ನಿಗೇ ತಾಗುತ್ತಿತ್ತು. ಬಲಬದಿಯ ಡಿಫೆಂಡರ್ ಇರುವುದೇ ಅಂಚಿನಲ್ಲಿ. ಶನಿವಾರ ಮಧ್ಯಾಹ್ನ ದೊಡ್ಡ ಲೀಗಿನವರ ದಿನ. ಎರಡನೆಯವರಿಗೆ ಆಗ ಸಿಗುತ್ತಿದ್ದದ್ದು ಶುಕ್ರವಾರ ಸಂಜೆ, ಭಾನುವಾರ, ಸೋಮವಾರ ರಾತ್ರಿ. ಫೆಬ್ರವರಿಯ ಸೋಮವಾರ ರಾತ್ರಿ, ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುವಾಗ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಸಾವಿರಾರು ಜನ ಬಂದು ನಿಲ್ಲುತ್ತಿದ್ದರು. ಎರಡನೆಯ ಮೆಟ್ಟಿಲು ಎಂದರೆ ಇವರೇ. ಆ ಲೀಗನ್ನು ಕಡಿಮೆಯದೆಂದು ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಲಾಂಡ್‌ಗ್ರಾಫ್ ಆಖೆನ್ನಿನಲ್ಲಿ ಏಳು ವರ್ಷ ಉಳಿದರು. ಏಳು ವರ್ಷವೂ ಅದೇ ಬಲಬದಿ. ಈ ಏಳು ವರ್ಷಗಳಲ್ಲಿ ಒಂದು ವರ್ಷವನ್ನು ನಾನು ಬಿಡಿಸಿ ಹೇಳಲೇಬೇಕು.

2004ರ ಫೆಬ್ರವರಿ. ಜರ್ಮನ್ ಕಪ್ಪಿನ ಕ್ವಾರ್ಟರ್ ಫೈನಲ್. ಟಿವೋಲಿಗೆ ಬಂದದ್ದು ಬಾಯರ್ನ್ ಮ್ಯೂನಿಕ್. ಜರ್ಮನಿಯ ಅತಿ ಶ್ರೀಮಂತ, ಅತಿ ಬಲಿಷ್ಠ ತಂಡ. ಗೋಲಿನಲ್ಲಿ ಒಲಿವರ್ ಕಾನ್. ನಡುವೆ ಮಿಖಾಯೆಲ್ ಬಾಲಾಕ್. ಆಖೆನ್ ಮೊದಲು ಗೋಲು ಹೊಡೆಯಿತು. ವಿರಾಮದ ಹೊತ್ತಿಗೆ ಬಾಲಾಕ್ ಸಮ ಮಾಡಿದರು. ಇನ್ನು ಹತ್ತು ನಿಮಿಷ ಇರುವಾಗ ಡಚ್ ಆಟಗಾರ ಎರಿಕ್ ಮೈಯರ್ ಎರಡನೆಯ ಗೋಲು ಹೊಡೆದರು. ಆಮೇಲಿನ ಹತ್ತು ನಿಮಿಷ ಪೂರಾ ಕಾವಲಿನ ಕೆಲಸ. ಆಖೆನ್ 2-1ರಿಂದ ಗೆದ್ದಿತು. ಸೆಮಿಫೈನಲ್ಲಿನಲ್ಲಿ ನೆರೆಯ ಮ್ಯೋನ್ಶೆನ್‌ಗ್ಲಾಡ್‌ಬಾಖ್ ತಂಡವನ್ನೂ ಸೋಲಿಸಿತು. ಬರ್ಲಿನ್ನಿನ ಫೈನಲ್ಲಿನಲ್ಲಿ ಎದುರಿಗೆ ನಿಂತದ್ದು ಯಾರು? ಹತ್ತು ವರ್ಷದ ಹಿಂದೆ ಎಸ್ಸೆನ್ ಸೋತಿದ್ದ ಅದೇ ವೆರ್ಡರ್ ಬ್ರೇಮೆನ್. ಈ ಸಲವೂ ಬ್ರೇಮೆನ್ನೇ ಗೆದ್ದಿತು, 3-2.

ಆದರೆ ಬ್ರೇಮೆನ್ ಆ ವರ್ಷ ಲೀಗಿನ ಚಾಂಪಿಯನ್ ಕೂಡ ಆಗಿತ್ತು. ಹಾಗಾಗಿ ಕಪ್ ಗೆದ್ದವರಿಗೆ ಮೀಸಲಾಗಿದ್ದ ಯುರೋಪ್ ಪಂದ್ಯಾವಳಿಯ ಜಾಗ ಆಖೆನ್ನಿಗೆ ಬಂತು. ಎರಡನೆಯ ಮೆಟ್ಟಿಲಿನ ತಂಡ ಯುಇಎಫ್‌ಎ ಕಪ್ಪಿನಲ್ಲಿ! ಟಿವೋಲಿ ಹಳೆಯದಾದ್ದರಿಂದ ಅಲ್ಲಿ ಆಡುವಂತಿರಲಿಲ್ಲ. ಸುಮಾರು 70 ಕಿಲೋಮೀಟರ್ ದೂರದ ಕ್ಯೋಲ್ನ್ ನಗರವೇ ಮನೆಯಂಗಳವಾಯಿತು. ಫ್ರಾನ್ಸಿನ ಲಿಲ್ ಸೋತಿತು. ಗ್ರೀಸಿನ ಎಇಕೆ ಅಥೆನ್ಸ್ ಸೋತಿತು. ಗುಂಪು ಹಂತ ದಾಟಿದ ಆಖೆನ್, ಕೊನೆಗೆ ಹಾಲೆಂಡಿನ ತಂಡವೊಂದಕ್ಕೆ ಮಣಿಯಿತು.

ಆ ಕಪ್ ಫೈನಲ್ ಆಗಿ ಎರಡು ವರ್ಷ ಕಳೆಯಿತು. 2006ರ ವಸಂತ. ಡೀಟರ್ ಹೆಕಿಂಗ್ ಅವರ ತರಬೇತಿಯಲ್ಲಿ ಆಖೆನ್ ಬುಂಡೆಸ್‌ಲೀಗಾಕ್ಕೆ ಬಡ್ತಿ ಪಡೆಯಿತು. ಕೊನೆಯ ಸಲ ಅದು ಅಲ್ಲಿದ್ದದ್ದು 1970ರಲ್ಲಿ. 36 ವರ್ಷದ ಕಾಯುವಿಕೆ. ಊರಿಗೆ ಊರೇ ಬೀದಿಗೆ ಬಂತು.

ಲಾಂಡ್‌ಗ್ರಾಫ್ ಅವರಿಗೆ ಆಗ 37 ವರ್ಷ. 500ಕ್ಕೂ ಹೆಚ್ಚು ಪಂದ್ಯ ಬಾಗಿಲ ಹೊರಗೆ ನಿಂತಿದ್ದವರು. ಕೊನೆಗೂ ಬಾಗಿಲು ತೆರೆಯಿತು. ಒಂದೇ ಒಂದು ಹೆಜ್ಜೆ. ಆ ಹೆಜ್ಜೆ ಅವರು ಇಡಲಿಲ್ಲ. ತಂಡ ಒಳಗೆ ಹೋದ ಬೇಸಿಗೆಯಲ್ಲೇ ಅವರು ಆಖೆನ್ ಬಿಟ್ಟರು. ರೂರ್ ಸೀಮೆಗೇ ಮರಳಿ ಶಾಲ್ಕೆ ಕ್ಲಬ್ ಸೇರಿದರು. ಅಲ್ಲಿನ ದೊಡ್ಡ ತಂಡಕ್ಕಲ್ಲ. ಎರಡನೆಯ ತಂಡಕ್ಕೆ. ಕೆಳಗಿನ ಲೀಗಿನಲ್ಲಿ, ತಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರಾದ ಹುಡುಗರ ಜೊತೆಗೆ ಆಡಿದರು. ಎಳೆಯರಿಗೆ ತರಬೇತಿಯನ್ನೂ ಕೊಡತೊಡಗಿದರು. ಶಾಲ್ಕೆಯ ಆ ತರಬೇತಿ ಶಾಲೆಗೆ ಈಗ ಗಣಿಗಾರರ ಕುಲುಮೆ ಎಂಬ ಅರ್ಥದ ಹೆಸರಿದೆ.

ಅಯ್ಯೋ, ಒಂದಾದರೂ ಪಂದ್ಯ ಮೇಲೆ ಆಡಿ ಬಿಡಬಾರದಿತ್ತೇ ಎಂದು ನಿಮಗೆ ಅನಿಸಬಹುದು. ನನಗೂ ಬಹಳ ದಿನ ಹಾಗೇ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ. ಮೇಲಿನ ಬುಂಡೆಸ್‌ಲೀಗಾದಲ್ಲಿ ಅತಿ ಹೆಚ್ಚು ಪಂದ್ಯ ಆಡಿದವರು ಕಾರ್ಲ್-ಹೈಂಟ್ಸ್ ಕ್ಯೋರ್ಬೆಲ್. 600ಕ್ಕಿಂತ ಎರಡು ಹೆಚ್ಚು. ಅವರೂ ಡಿಫೆಂಡರ್. 1972ರಿಂದ 1991ರವರೆಗೆ ಒಂದೇ ತಂಡ, ಫ್ರಾಂಕ್‌ಫುರ್ಟ್. ಅವರ ಕಾಲ ಕೆಳಗಿನ ನೆಲ ಗಟ್ಟಿಯಾಗಿತ್ತು. ಲಾಂಡ್‌ಗ್ರಾಫ್ ಅವರಿಗೆ ಹಾಗಲ್ಲ. ಮೂರು ಊರುಗಳಲ್ಲಿ ನಿಂತ ನೆಲ ಕುಸಿಯಿತು. ಪ್ರತಿ ಸಲವೂ ಹೊಸ ಊರು, ಹೊಸ ಕೋಚ್, ಹೊಸ ಜೊತೆಗಾರರು. ಪ್ರತಿ ಸಲವೂ ಐದೂವರೆ ಅಡಿಯ ಈ ಮನುಷ್ಯನನ್ನು ಮೊದಲ ಸಲ ನೋಡಿ ಅನುಮಾನ ಪಡುವ ಕಣ್ಣುಗಳು. ಪ್ರತಿ ಸಲವೂ ಬಲಬದಿಯ ಜಾಗವನ್ನು ಅವರು ಹೊಸದಾಗಿ ಗಳಿಸಬೇಕಾಯಿತು. ಆ 508ಕ್ಕೆ ಮೇಲಿನ ಒಂದು ಪಂದ್ಯ ಸೇರಿದ್ದರೆ ಅದರ ತೂಕ ಹೆಚ್ಚುತ್ತಿತ್ತೆಂದು ನನಗೆ ತೋರುವುದಿಲ್ಲ.

ಇನ್ನು ಆ ತಂಡಗಳ ವಿಷಯ. ಆಖೆನ್ ಮೇಲಿನ ಮೆಟ್ಟಿಲಿನಲ್ಲಿ ಉಳಿದದ್ದು ಒಂದೇ ವರ್ಷ. 2007ರಲ್ಲಿ ಕೆಳಗಿಳಿಯಿತು. 2009ರಲ್ಲಿ ಹಳೆಯ ಟಿವೋಲಿಯ ಪಕ್ಕದಲ್ಲೇ 30 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಹೊಸ ಟಿವೋಲಿ ಎದ್ದಿತು. ಹಣಕಾಸು ಕುಸಿದು 2013ರ ಹೊತ್ತಿಗೆ ತಂಡ ನಾಲ್ಕನೆಯ ಮೆಟ್ಟಿಲಿಗೆ ಹೋಯಿತು. ಅಷ್ಟರಲ್ಲಿ ಹಳೆಯ ಟಿವೋಲಿಯನ್ನು ಕೆಡವಿಯೂ ಆಗಿತ್ತು. ಲಾಂಡ್‌ಗ್ರಾಫ್ ಕಾದಿದ್ದ ಆ ಬಿಳಿ ಗೆರೆಯ ಅಂಚು ಈಗ ಇಲ್ಲ. 2024-25ರ ವರ್ಷದಲ್ಲಿ ಎಸ್ಸೆನ್ ಮತ್ತು ಆಖೆನ್ ಎರಡೂ ಮೂರನೆಯ ಲೀಗಿನಲ್ಲಿ ಪರಸ್ಪರ ಎದುರಾದವು. ಹೊಂಬುರ್ಗ್ ಮತ್ತು ಗ್ಯೂಟರ್ಸ್‌ಲೋ ನಾಲ್ಕನೆಯ ಮೆಟ್ಟಿಲಿನಲ್ಲಿ ಆಡುತ್ತಿದ್ದವು. ಆ ವರ್ಷ ಎರಡನೇ ಬುಂಡೆಸ್‌ಲೀಗಾದ 18 ತಂಡಗಳ ಪಟ್ಟಿಯಲ್ಲಿ, ಲಾಂಡ್‌ಗ್ರಾಫ್ ಆ ಲೀಗಿನಲ್ಲಿ ಆಡಿದ ನಾಲ್ಕು ತಂಡಗಳ ಪೈಕಿ ಒಂದರ ಹೆಸರೂ ಇರಲಿಲ್ಲ. ಅತಿ ಹೆಚ್ಚು ಪಂದ್ಯ ಆಡಿದವರ ಪಟ್ಟಿಯ ಮೊದಲ ಸಾಲಿನಲ್ಲಿ ಅವರ ಹೆಸರಿತ್ತು.